ಕೋಟೆ ಸೀಮೆಗೊಂದು ಹೂವಿನ ಕೂಟ

ಮುಂಗಾರಿನ ದಿನಗಳಲ್ಲಿ ಗುಂಡ್ಲುಪೇಟೆ ಕಡೆಗೋ ಹೆಗ್ಗಡದೇವನಕೋಟೆ ಕಡೆಗೋ ಹೊರಟವರಿಗೆ ಹೊಲದ ತುಂಬ ಚೆಂಡುಹೂ ಕಾಣುತ್ತದೆ. ಕಂಪನಿಗಳ ಜೊತೆ ಕರಾರು ಮಾಡಿಕೊಂಡು ಬೆಳೆದ ಈ ಹೂವಿನ ಬಹುಪಾಲು ದೇವರ ತಲೆಗೂ ಏರುವುದಿಲ್ಲ, ಹೆಂಗಸರ ಮುಡಿಗೂ ಏರುವುದಿಲ್ಲ. ಮೂಟೆಯಲ್ಲಿ ತುಂಬಿ, ತೂಕ ಹಾಕಿ, ಲಾರಿಗೆ ಏರಿಸುತ್ತಾರೆ. ಕಾರ್ಖಾನೆಯಲ್ಲಿ ಅದು ಒಣಗಿ ಪುಡಿಯಾದ ಮೇಲೆ ಅದರೊಳಗಿನ ಲ್ಯೂಟಿನ್ ಎಂಬ ಹಳದಿ ಬಣ್ಣವನ್ನು ಬಸಿದುಕೊಳ್ಳುತ್ತಾರೆ. ಆ ಬಣ್ಣ ಹೆಚ್ಚಾಗಿ ಹೋಗುವುದು ಕೋಳಿ ಆಹಾರಕ್ಕೆ, ಮೊಟ್ಟೆಯ ಹಳದಿಗೆ ಹೊಳಪು ಬರಲಿ ಎಂದು. ಹುಣಸೂರು, ಪಿರಿಯಾಪಟ್ಟಣ, ಕೋಟೆ ತಾಲ್ಲೂಕುಗಳ ಇನ್ನೊಂದು ದೊಡ್ಡ ಬೆಳೆ ಹೊಗೆಸೊಪ್ಪು. ಅದಕ್ಕೂ ನಸುಗೆಂಪಿನ ಚೆಲುವಾದ ಹೂ ಬಿಡುತ್ತದೆ. ಬಿಟ್ಟ ಕೂಡಲೇ ಗೊಂಚಲನ್ನು ಮುರಿದು ಹಾಕುತ್ತಾರೆ. ಮುರಿಯದಿದ್ದರೆ ಗಿಡದ ಸತ್ವ ಹೂವಿಗೂ ಬೀಜಕ್ಕೂ ಹೋಗಿ ಎಲೆ ತೆಳುವಾಗುತ್ತದೆ, ಹರಾಜು ಕಟ್ಟೆಯಲ್ಲಿ ದರ ಬೀಳುತ್ತದೆ.

ಇನ್ನು ಮಲ್ಲಿಗೆ, ಕಾಕಡ, ಕನಕಾಂಬರ, ಸೇವಂತಿಗೆ. ಇವು ಮೊಳಕ್ಕೆ ಇಷ್ಟು, ಮಾರಿಗೆ ಇಷ್ಟು ಎಂದು ಸಂತೆಯಲ್ಲಿ ಸಿಗುತ್ತವೆ. ಹೂ ಕಟ್ಟುವವರ ಬೆರಳಿನ ಚುರುಕು ಕಂಡವರಿಗೆ ಅದೊಂದು ಕಲೆ ಎಂದು ಬಿಡಿಸಿ ಹೇಳಬೇಕಿಲ್ಲ. ಆದರೆ ಮಾಲೆಗೆ ಬರುವ ಹೊತ್ತಿಗೆ ಹೂ ತನ್ನ ತೊಟ್ಟು, ಎಲೆ, ಕಡ್ಡಿ ಎಲ್ಲವನ್ನೂ ಕಳೆದುಕೊಂಡಿರುತ್ತದೆ. ಅದು ಯಾವ ಗಿಡದಲ್ಲಿ, ಯಾವ ಕೊಂಬೆಯ ಯಾವ ಬಾಗಿನಲ್ಲಿ ಅರಳಿತ್ತು ಎಂಬುದು ಮಾಲೆಯಲ್ಲಿ ಉಳಿಯುವುದಿಲ್ಲ. ಹೀಗೆ ನಮ್ಮ ಸೀಮೆಯಲ್ಲಿ ಹೂವನ್ನು ತೂಗುತ್ತೇವೆ, ಅಳೆಯುತ್ತೇವೆ, ಮುರಿಯುತ್ತೇವೆ, ಮುಡಿಯುತ್ತೇವೆ, ಪೂಜಿಸುತ್ತೇವೆ. ಹೊಟ್ಟೆಪಾಡಿಗೂ ಭಕ್ತಿಗೂ ಇವೆಲ್ಲ ಬೇಕು, ಇದರಲ್ಲಿ ಯಾರ ತಪ್ಪೂ ಇಲ್ಲ. ಒಂದು ಗಿಡದ ಎದುರು ಸುಮ್ಮನೆ ಕುಳಿತು ಅದರ ಇಡೀ ರೂಪವನ್ನು ನೋಡುವುದಕ್ಕೆ ಮಾತ್ರ ನಮಗೆ ಜಾಗವೂ ಇಲ್ಲ, ನೆಪವೂ ಇಲ್ಲ. ಆ ಜಾಗವನ್ನು ಜಪಾನಿನ ಹೂಜೋಡಣೆಯ ಕಲೆಯಾದ ಇಕೆಬಾನ ಕೊಡಬಲ್ಲದು, ಅದನ್ನು ಒಬ್ಬೊಬ್ಬರೇ ಕಲಿಯುವುದಕ್ಕಿಂತ ಊರ ಕೂಟವಾಗಿ ಕಲಿಯಬೇಕು ಎಂಬುದು ನನ್ನ ವಾದ.

ಇಕೆಬಾನ ಕರ್ನಾಟಕಕ್ಕೆ ಹೊಸದೇನೂ ಅಲ್ಲ. ಲಾಲ್‌ಬಾಗಿನಲ್ಲಿ ಗಣರಾಜ್ಯೋತ್ಸವಕ್ಕೂ ಸ್ವಾತಂತ್ರ್ಯೋತ್ಸವಕ್ಕೂ ಫಲಪುಷ್ಪ ಪ್ರದರ್ಶನ ನಡೆದಾಗ ಮೈಸೂರು ಉದ್ಯಾನ ಕಲಾ ಸಂಘ ಪ್ರತಿ ಸಲವೂ ಇಕೆಬಾನ ಸ್ಪರ್ಧೆ ಏರ್ಪಡಿಸುತ್ತದೆ. ಪುಷ್ಪ ಭಾರತಿ, ಬೋನ್ಸಾಯ್, ತರಕಾರಿ ಕೆತ್ತನೆ, ಒಣ ಹೂಗಳ ಜೋಡಣೆ, ತೆಂಗಿನ ಗರಿಯ ಜಾನೂರ್, ಥಾಯ್ ಕಲೆ ಇವುಗಳ ಜೊತೆಗೆ ಅದೂ ಇರುತ್ತದೆ. ಅವನ್ನು ಜೋಡಿಸಿಡುವ ಕಟ್ಟಡಕ್ಕೆ ಡಾ. ಎಂ.ಎಚ್. ಮರಿಗೌಡರ ಹೆಸರಿದೆ. ಈ ಹೆಸರಿನ ಬಳಿ ಸ್ವಲ್ಪ ನಿಲ್ಲಬೇಕು. ಮರಿಗೌಡರು ಹುಟ್ಟಿದ್ದು 1916ರಲ್ಲಿ, ಇದೇ ಮೈಸೂರು ಜಿಲ್ಲೆಯ ತಿ. ನರಸೀಪುರ ತಾಲ್ಲೂಕಿನ ಮಾರಸಿಂಗನಹಳ್ಳಿಯಲ್ಲಿ. ಹಾರ್ವರ್ಡ್‌ನಲ್ಲಿ ಓದಿ ಬಂದವರು ಲಾಲ್‌ಬಾಗನ್ನಷ್ಟೇ ಚಂದಮಾಡಿ ಕೂರಲಿಲ್ಲ. ತೋಟಗಾರಿಕೆ ಇಲಾಖೆಯ ನಿರ್ದೇಶಕರಾಗಿ ರಾಜ್ಯದ ಮೂಲೆಮೂಲೆಯ ತಾಲ್ಲೂಕುಗಳಲ್ಲಿ ತೋಟಗಾರಿಕೆ ಕ್ಷೇತ್ರ, ನರ್ಸರಿಗಳನ್ನು ನೂರಾರು ಸಂಖ್ಯೆಯಲ್ಲಿ ತೆರೆದರು. ಒಳ್ಳೆಯ ಸಸಿ ಬೇಕಾದ ರೈತ ಬೆಂಗಳೂರಿಗೆ ಬರುವಂತಾಗಬಾರದು, ಸಸಿಯೇ ಅವನ ತಾಲ್ಲೂಕಿಗೆ ಹೋಗಬೇಕು ಎಂಬ ನಿಲುವು ಆ ಕೆಲಸದಲ್ಲಿ ಕಾಣುತ್ತದೆ. ಅವರ ಹೆಸರಿನ ಸಭಾಂಗಣದಲ್ಲಿ ವರ್ಷಕ್ಕೆರಡು ಸಲ ಅರಳುವ ಈ ವಿದ್ಯೆ ಮಾತ್ರ ಬೆಂಗಳೂರಿನ ಕೆಲವು ಬಡಾವಣೆಗಳ ಆಚೆಗೆ ಅಷ್ಟಾಗಿ ಬಂದಿಲ್ಲ. ಮೈಸೂರಿನ ದಸರಾ ಫಲಪುಷ್ಪ ಪ್ರದರ್ಶನಕ್ಕೆ ಕುಪ್ಪಣ್ಣ ಪಾರ್ಕಿಗೆ ಹೋಗಿ ಬರುವ ಹುಣಸೂರಿನವರು ಹೂವಿನ ಗಾಜಿನಮನೆಯ ಮುಂದೆ ಫೋಟೊ ತೆಗೆಸಿಕೊಂಡು ಊರಿಗೆ ಮರಳುತ್ತಾರೆ. ನೋಡುವವರಾಗಿಯೇ ಉಳಿಯುತ್ತಾರೆ.

ಇಕೆಬಾನ ಜಪಾನಿನದು, ನಮಗೇಕೆ ಎಂಬ ಪ್ರಶ್ನೆ ಬಂದೇ ಬರುತ್ತದೆ. ಬುದ್ಧನಿಗೆ ಹೂವಿಡುವ ಪದ್ಧತಿ ಬೌದ್ಧ ಧರ್ಮದ ಜೊತೆ ಈ ನೆಲದಿಂದಲೇ ಪೂರ್ವಕ್ಕೆ ನಡೆದುಹೋಯಿತು, ಹಾಗಾಗಿ ಇದೂ ನಮ್ಮದೇ ಎಂದು ಹೇಳಿಬಿಡಬಹುದು. ಹಾಗೆ ಹೇಳಲು ನನಗೆ ಮನಸ್ಸಿಲ್ಲ. ಕ್ಯೋಟೊದ ರೊಕ್ಕಾಕುದೊ ದೇವಾಲಯದ ಪುರೋಹಿತ ಇಕೆನೊಬೊ ಸೆಂಕೆಯ ಹೂಜೋಡಣೆಯನ್ನು ನೋಡಲು ಜನ ಮುಗಿಬಿದ್ದರೆಂದು 1462ರ ದಾಖಲೆ ಹೇಳುತ್ತದೆ. ಅಲ್ಲಿಂದ ಇಲ್ಲಿಯವರೆಗೆ ಅದನ್ನು ಬೆಳೆಸಿದವರು ಜಪಾನಿನವರೇ. ಆ ದುಡಿಮೆಯನ್ನು ನಮ್ಮ ಖಾತೆಗೆ ಬರೆದುಕೊಳ್ಳುವುದು ನ್ಯಾಯವಲ್ಲ. ನಮಗೆ ದಾರಿ ತೋರುವ ಸಂಗತಿ ಬೇರೆ ಇದೆ. ಹತ್ತೊಂಬತ್ತನೆಯ ಶತಮಾನದಲ್ಲಿ ಜಪಾನಿನ ಬಾಗಿಲು ತೆರೆದಾಗ ಪಶ್ಚಿಮದ ಹೂಗಳು ಅಲ್ಲಿಗೆ ಬಂದವು. ಗಿಡ್ಡ ದಂಟಿನ, ಗಾಢ ಬಣ್ಣದ ಆ ಹೂಗಳು ಹಳೆಯ ಎತ್ತರದ ಹೂದಾನಿಗಳಿಗೆ ಒಗ್ಗಲಿಲ್ಲ. ಒಹರಾ ಉನ್‌ಶಿನ್ ಎಂಬ ಕಲಾವಿದ ಅಗಲವಾದ ತಗ್ಗು ಬಟ್ಟಲಿನಲ್ಲಿ ನೀರು ನಿಲ್ಲಿಸಿ, ಅದರೊಳಗೆ ಹೂಗಳನ್ನು ನಿಲ್ಲಿಸುವ ಮೊರಿಬಾನ ಎಂಬ ಹೊಸ ಬಗೆಯನ್ನೇ ಹುಟ್ಟಿಸಿದ. ಪರದೇಶದ ಹೂ ಬಂತೆಂದು ಇಕೆಬಾನ ಕೆಡಲಿಲ್ಲ, ಅದಕ್ಕೊಂದು ಹೊಸ ಪಾತ್ರೆಯನ್ನು ಹುಡುಕಿಕೊಂಡಿತು.

ನಮ್ಮ ಸೀಮೆಯ ಕಥೆಯೂ ಅದೇ ಅಲ್ಲವೇ? ಆಯುಧಪೂಜೆಗೆ ನೇಗಿಲಿಗೂ ಟ್ರ್ಯಾಕ್ಟರಿಗೂ ಏರುವ ಚೆಂಡುಹೂ ಮೆಕ್ಸಿಕೊದ್ದು. ಹೊಗೆಸೊಪ್ಪು ಅಮೆರಿಕದ್ದು, ಮೆಣಸಿನಕಾಯಿಯೂ ಅಲ್ಲಿಯದೇ. ನಾವು ನಮ್ಮದೆಂದು ಎದೆಗೊತ್ತಿಕೊಳ್ಳುವ ರಾಗಿ ಆಫ್ರಿಕದಿಂದ ಬಂದದ್ದು. ಬಂದ ಬೆಳೆಯನ್ನು ಈ ಮಣ್ಣಿಗೆ ಒಗ್ಗಿಸಿಕೊಂಡವರು ಬಂದ ವಿದ್ಯೆಯನ್ನು ಒಗ್ಗಿಸಿಕೊಳ್ಳಲಾರರೇ?

ಒಗ್ಗಿಸುವ ಮೊದಲು ಆ ವಿದ್ಯೆಯ ಕಟ್ಟನ್ನು ತಿಳಿಯಬೇಕು. 1927ರಲ್ಲಿ ಸೋಫು ತೆಶಿಗಾಹರಾ ಶುರುಮಾಡಿದ ಸೊಗೆತ್ಸು ಶಾಲೆಯ ಮೊದಲ ಪಾಠ ಹೀಗಿದೆ. ತಗ್ಗು ಬಟ್ಟಲಿನ ಅಗಲಕ್ಕೆ ಅದರ ಆಳವನ್ನು ಕೂಡಿಸಿ, ಅದರ ಒಂದೂವರೆಯಿಂದ ಎರಡು ಪಟ್ಟು ಉದ್ದದ ಒಂದು ಕೊಂಬೆ. ಎರಡನೆಯದು ಅದರ ಮುಕ್ಕಾಲು, ಮೂರನೆಯದು ಎರಡನೆಯದರ ಮುಕ್ಕಾಲು. 30 ಸೆಂ.ಮೀ. ಅಗಲ, 6 ಸೆಂ.ಮೀ. ಆಳದ ಬಟ್ಟಲಾದರೆ ಸುಮಾರು 60, 45, 34 ಸೆಂ.ಮೀ. ಉದ್ದದ ಮೂರು ಕೊಂಬೆಗಳು. ನೆಟ್ಟಗಿನ ಗೆರೆಯಿಂದ ಮೊದಲನೆಯದು 15 ಡಿಗ್ರಿ, ಎರಡನೆಯದು 45, ಮೂರನೆಯದು 75 ಡಿಗ್ರಿ ಬಾಗಬೇಕು. ಕೆಂಜಾನ್ ಎಂಬ, ಹಿತ್ತಾಳೆ ಮೊಳೆಗಳನ್ನು ಮೇಲ್ಮುಖವಾಗಿ ನೆಟ್ಟ ಭಾರವಾದ ಬಿಲ್ಲೆ ಅವನ್ನು ಹಿಡಿದು ನಿಲ್ಲಿಸುತ್ತದೆ. ನೀರಿನೊಳಗೆ ಮುಳುಗುವ ಎಲೆಗಳನ್ನು ಕಿತ್ತುಹಾಕಬೇಕು. ದಂಟನ್ನು ನೀರಿನೊಳಗೇ ಕತ್ತರಿಸಬೇಕು, ಇಲ್ಲವಾದರೆ ಗಾಳಿ ಒಳಹೊಕ್ಕು ನೀರು ಮೇಲೇರದೆ ಹೂ ಬಾಡುತ್ತದೆ. ಲೆಕ್ಕ ಇಷ್ಟೇ. ಈ ಲೆಕ್ಕ ಹಿಡಿದು ಕೈಯಲ್ಲಿರುವ ಕೊಂಬೆಯನ್ನು ನೋಡಿದಾಗ ಕಷ್ಟ ಶುರುವಾಗುತ್ತದೆ. ಅದರಲ್ಲಿ ಹತ್ತು ಕವಲಿವೆ, ಎಂಟನ್ನು ಕತ್ತರಿಸಬೇಕು. ಯಾವ ಎಂಟು? ಎಲೆಯ ಮುಖ ಯಾವುದು, ಬೆನ್ನು ಯಾವುದು? ಬೆಳಕಿನ ಕಡೆಗೆ ಅದು ಹೇಗೆ ತಿರುಗಿಕೊಂಡಿತ್ತು? ಕೊಂಬೆಗಳ ನಡುವೆ ಎಷ್ಟು ಬಯಲು ಬಿಡಬೇಕು? ದಿನಾ ಕಂಡ ಸೀಬೆ ಕೊಂಬೆಯನ್ನು ಮೊದಲ ಸಲ ನೋಡುವ ಕೆಲಸ ಇಲ್ಲಿಂದ ಆರಂಭವಾಗುತ್ತದೆ.

ಹೀಗೆ ದಂಟನ್ನು ನಿಲ್ಲಿಸುವುದು ನಮ್ಮ ಕೈಗೆ ತೀರಾ ಅಪರಿಚಿತವೂ ಅಲ್ಲ. ಹಳೇ ಮೈಸೂರಿನ ಮನೆಗಳಲ್ಲಿ ಯಾವ ಶುಭಕಾರ್ಯಕ್ಕೂ ಮೊದಲು ಸಗಣಿಯ ಉಂಡೆ ಮಾಡಿ, ನೆತ್ತಿಗೆ ಗರಿಕೆ ಸಿಕ್ಕಿಸಿ ಬೆನಕನೆಂದು ಇಡುತ್ತಾರೆ. ಧನುರ್ಮಾಸದ ರಂಗೋಲಿಯ ನಡುವೆ ಸಗಣಿಯುಂಡೆಗೆ ಕುಂಬಳದ ಹೂ ನೆಡುವ ರೂಢಿಯಿದೆ. ಹಿತ್ತಾಳೆ ಮೊಳೆಯ ಬಿಲ್ಲೆ ಮಾಡುವ ಕೆಲಸವನ್ನೇ ಆ ಉಂಡೆಯೂ ಮಾಡುತ್ತದೆ: ಹಿಡಿದುಕೊಳ್ಳುತ್ತದೆ, ತೇವ ಕೊಡುತ್ತದೆ, ನೆಟ್ಟಗೆ ನಿಲ್ಲಿಸುತ್ತದೆ. ಗರಿಕೆ ಅಲ್ಲಿ ಮಾಲೆಯೊಳಗೆ ಕರಗಿಲ್ಲ. ಹುಲ್ಲಾಗಿಯೇ, ತನ್ನ ಮೂರು ಎಸಳಿನ ತುದಿಯೊಡನೆ ನಿಂತಿದೆ. ಹಬ್ಬ ಮುಗಿದ ಮೇಲೆ ಅದನ್ನು ಯಾರೂ ನೋಡುವುದಿಲ್ಲ, ಅದು ಬೇರೆ ಮಾತು. ಕಣ್ಣಿಗೆ ಇರುವ ಈ ಅಭ್ಯಾಸವನ್ನು ಹಬ್ಬದಾಚೆಗೂ ಬೆಳೆಸಬಹುದೆಂಬ ಧೈರ್ಯ ನನಗೆ ಬಂದದ್ದು ಬೆನಕನಿಂದ.

ಈಗ ಕೂಟದ ವಿಷಯ. ಇಕೆಬಾನವನ್ನು ಪುಸ್ತಕ ನೋಡಿ, ಮೊಬೈಲು ನೋಡಿ ಮನೆಯಲ್ಲೇ ಕಲಿಯಬಹುದಲ್ಲ ಎನ್ನುವವರಿದ್ದಾರೆ. ಲೆಕ್ಕವನ್ನು ಕಲಿಯಬಹುದು. ನೋಟ ಮಾತ್ರ ಇನ್ನೊಬ್ಬರ ಕಣ್ಣಿನ ಎದುರು ತಿದ್ದಿಕೊಳ್ಳುವಂಥದ್ದು. ಎಲ್ಲರಿಗೂ ಒಂದೇ ಗಿಡದ ಕೊಂಬೆಗಳನ್ನು ಹಂಚಿ, ಒಂದೇ ಅಳತೆ ಹೇಳಿ ಕೂರಿಸಿದರೂ ಗಂಟೆ ಕಳೆದ ಮೇಲೆ ಒಂದೊಂದು ಬಟ್ಟಲೂ ಒಂದೊಂದು ಬಗೆ ಇರುತ್ತದೆ. ಆಮೇಲೆ ಎಲ್ಲರೂ ಎದ್ದು ಒಂದೊಂದರ ಮುಂದೆಯೂ ನಿಲ್ಲುತ್ತಾರೆ. ಕಲಿಸುವವರು ಹೆಚ್ಚು ಮಾತಾಡದೆ ಒಂದು ಎಲೆ ಕತ್ತರಿಸುತ್ತಾರೆ, ಇಲ್ಲವೇ ಒಂದು ಕಡ್ಡಿಯನ್ನು ಬೆರಳಗಲ ಹಿಂದಕ್ಕೆ ಬಾಗಿಸುತ್ತಾರೆ. ಇಡೀ ಜೋಡಣೆ ಬದಲಾಗುತ್ತದೆ. ತಾನು ಬಿಟ್ಟ ಎಲೆಯನ್ನು ಪಕ್ಕದವರು ಕತ್ತರಿಸಿದ್ದನ್ನು ಕಂಡಾಗ ಸಿಗುವ ಪಾಠ ಮನೆಯಲ್ಲಿ ಸಿಗುವುದಿಲ್ಲ.

ಕೋಟೆ ಸೀಮೆಯಲ್ಲಿ ಕೂಟ ಬೇಕೆನ್ನಲು ಇದಕ್ಕಿಂತ ಬಲವಾದ ಕಾರಣವೊಂದಿದೆ. ನಗರದ ಇಕೆಬಾನ ತರಗತಿಯಲ್ಲಿ ನಿಯಮ ಬಲ್ಲವರಿರುತ್ತಾರೆ, ಗಿಡ ಬಲ್ಲವರು ಕಡಿಮೆ. ಹೂ ಅಂಗಡಿಯಿಂದ ಬರುತ್ತದೆ, ಜರ್ಬೆರಾ, ಕಾರ್ನೇಷನ್, ಆರ್ಕಿಡ್ ಎಂದು ಪ್ಲಾಸ್ಟಿಕ್ ಸುತ್ತಿಕೊಂಡು. ಇಲ್ಲಿ ಅದು ತಲೆಕೆಳಗಾಗುತ್ತದೆ. ಯಾವ ಕೊಂಬೆ ಕಡಿದ ಮೇಲೂ ನಾಲ್ಕು ದಿನ ಹಸಿರಾಗಿರುತ್ತದೆ, ಯಾವುದು ಮಧ್ಯಾಹ್ನಕ್ಕೇ ಜೋಲುತ್ತದೆ, ಯಾವ ಕಡ್ಡಿ ಬಾಗಿಸಿದರೆ ಬಾಗುತ್ತದೆ, ಯಾವುದು ಲಟಕ್ಕನೆ ಮುರಿಯುತ್ತದೆ ಎಂಬುದು ಮೇವು ತರುವ ಹೆಂಗಸಿಗೆ, ಬೇಲಿ ಕಟ್ಟುವ ಗಂಡಸಿಗೆ, ಹಾಡಿಯ ಜೇನುಕುರುಬರ ಅಜ್ಜಿಗೆ ಗೊತ್ತು. ಕಳೆ ಕೀಳುವ ಕೂಲಿಯವಳಿಗೆ ತಿಳಿದಷ್ಟು ಹುಲ್ಲಿನ ಹೆಸರುಗಳು ತಾಲ್ಲೂಕು ಕಚೇರಿಯಲ್ಲಿ ಯಾರಿಗೂ ತಿಳಿದಿರಲಾರವು. ಇಂಥ ತಿಳಿವಳಿಕೆಗೆ ನಮ್ಮಲ್ಲಿ ವೇದಿಕೆಯಿಲ್ಲ, ಬಿರುದಿಲ್ಲ, ಕೂಲಿಯಾಚೆಗೆ ಬೆಲೆಯಿಲ್ಲ. ಇಕೆಬಾನದ ಮೇಜಿನ ಸುತ್ತ ಕುಳಿತಾಗ ನಿಯಮ ಕಲಿಸುವ ಟೀಚರಮ್ಮ ಗಿಡ ಬಲ್ಲ ಇವರನ್ನು ಕೇಳಲೇಬೇಕಾಗುತ್ತದೆ. ನಿಯಮ ಒಬ್ಬರಿಂದ, ಗಿಡದ ಗುಣ ಇನ್ನೊಬ್ಬರಿಂದ. ಈ ಕೊಡುಕೊಳ್ಳುವಿಕೆ ನಡೆಯುವುದಾದರೆ ಜೋಡಣೆ ಅಷ್ಟೇನೂ ಚೆನ್ನಾಗಿ ಬಾರದಿದ್ದರೂ ಕೂಟ ಸಾರ್ಥಕ ಎನ್ನುತ್ತೇನೆ.

ಗಂಡಸರನ್ನು ಬೇಕೆಂದೇ ಸೇರಿಸಿ ಹೇಳಿದೆ. ಹೂ ಎಂದರೆ ಹೆಣ್ಣುಮಕ್ಕಳ ಕೆಲಸ ಎಂಬ ಎಣಿಕೆ ಇಕೆಬಾನದ ಚರಿತ್ರೆಗೆ ಒಪ್ಪುವುದಿಲ್ಲ. ಶತಮಾನಗಳ ಕಾಲ ಅದು ಹೆಚ್ಚಾಗಿ ಭಿಕ್ಷುಗಳ, ಸಮುರಾಯ್‌ಗಳ ಕೈಯಲ್ಲಿತ್ತು. ಹೆಣ್ಣುಮಕ್ಕಳ ಶಾಲೆಯ ಪಾಠವಾದದ್ದು ಜಪಾನಿನ ಬಾಗಿಲು ತೆರೆದ ಮೇಲಿನ ಮೇಜಿ ಯುಗದಲ್ಲಿ. ಕುಡುಗೋಲು ಹಿಡಿದ ಕೈಗೆ ಕೊಂಬೆಯ ಓರೆ ಕಡಿತ ಯಾರೂ ಹೇಳಿಕೊಡಬೇಕಾಗಿಲ್ಲ.

ಸಾಮಗ್ರಿಗೆ ಬರಗಾಲವಿಲ್ಲ. ಭತ್ತ ಬೆಳೆಯುವ ಕೆ.ಆರ್. ನಗರದಲ್ಲಿ ತೆನೆ, ಕಬ್ಬಿನ ಗದ್ದೆಯಲ್ಲಿ ಬೆಳ್ಳಿಯಂತೆ ಬಾಗುವ ಸೂಲಂಗಿ, ಕೆರೆಯಂಚಿನ ಜೊಂಡು, ಕಾರ್ತಿಕದಲ್ಲಿ ಹುಚ್ಚೆಳ್ಳಿನ ಹಳದಿ, ಹತ್ತಿ ಬಿಡಿಸಿದ ಮೇಲೆ ಉಳಿದ ಒಣ ಸಿಪ್ಪೆಯ ಕಡ್ಡಿ, ಬೇಲಿಯ ತಂಗಡಿ, ಬೇಸಗೆಯಲ್ಲಿ ಎಲೆಯುದುರಿ ನಿಂತ ಮುತ್ತುಗದ ಕೊಂಬೆ. ಹೊಗೆಸೊಪ್ಪಿನ ಹೊಲದಲ್ಲಿ ಮುರಿದು ಬಿಸುಟ ಹೂಗೊಂಚಲನ್ನು ಎತ್ತಿಕೊಂಡು ಬಂದರೂ ಸರಿ, ಅದಕ್ಕೂ ಒಂದು ದಿನದ ಮರ್ಯಾದೆ ಸಿಗಲಿ. ಒಂದೆರಡು ಎಚ್ಚರಿಕೆ ಬೇಕು: ಎಕ್ಕದ ಹಾಲು ಕಣ್ಣಿಗೆ ಬೀಳಬಾರದು, ಅಗ್ನಿಶಿಖೆಯ ಗೆಡ್ಡೆ ಕಡುವಿಷ, ಕಾಂಗ್ರೆಸ್ ಗಿಡದ ಹತ್ತಿರವೇ ಹೋಗಬಾರದು.

ಕಾಡಿನ ವಿಷಯದಲ್ಲಿ ಮಾತ್ರ ಕೂಟ ಕಟ್ಟುನಿಟ್ಟಾಗಿರಬೇಕು. ಪಕ್ಕದಲ್ಲೇ ನಾಗರಹೊಳೆ ಇದೆ, ಅಲ್ಲಿನ ಕೊಂಬೆಗಳು ಚೆಂದ ಎಂದು ಯಾರಿಗಾದರೂ ಅನ್ನಿಸುತ್ತದೆ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಪ್ರಕಾರ ರಾಷ್ಟ್ರೀಯ ಉದ್ಯಾನದೊಳಗಿಂದ ಹಾಗೆಲ್ಲ ಕಿತ್ತು ತರುವಂತಿಲ್ಲ. ಕಾನೂನಿಗಿಂತ ನನ್ನನ್ನು ಕಾಡುವುದು ಇನ್ನೊಂದು ಸಂಗತಿ. ಆ ಕಾಡಿನಲ್ಲೇ ಹುಟ್ಟಿ ಬೆಳೆದ ಜೇನುಕುರುಬ, ಕಾಡುಕುರುಬ, ಯರವ ಕುಟುಂಬಗಳನ್ನು ಹೊರಗೆ ಕಳಿಸಲಾಗಿದೆ. 2006ರಲ್ಲಿ ಅರಣ್ಯ ಹಕ್ಕು ಕಾಯ್ದೆ ಬಂದ ಮೇಲೂ ಹಕ್ಕುಪತ್ರಕ್ಕಾಗಿ ಅಲೆಯುತ್ತಿರುವವರಿದ್ದಾರೆ. ಗೆಡ್ಡೆ ಅಗೆಯಲು ಹೋದವರನ್ನು ತಡೆದು ಪ್ರಶ್ನಿಸುವ ಕಾಡಿಗೆ ನಾವು ಚೆಂದದ ಕೊಂಬೆ ಹುಡುಕಿಕೊಂಡು ನುಗ್ಗಿದರೆ ಆ ಚೆಂದಕ್ಕೆ ಅರ್ಥವಿಲ್ಲ. ಹೊಲ, ಬದು, ಹಿತ್ತಲು, ಕೆರೆ ಏರಿ, ರಸ್ತೆ ಬದಿ ಇಷ್ಟು ಸಾಕು.

ರಸ್ತೆ ಬದಿ ಎಂದಾಗ ಲಂಟಾನ ನೆನಪಾಗುತ್ತದೆ. ಹತ್ತೊಂಬತ್ತನೆಯ ಶತಮಾನದ ಆರಂಭದಲ್ಲಿ ಅಲಂಕಾರಕ್ಕೆಂದು ಭಾರತಕ್ಕೆ ತಂದ ಗಿಡ ಇಂದು ಬಂಡೀಪುರ, ನಾಗರಹೊಳೆಗಳ ನೆಲವನ್ನೇ ಮುಚ್ಚಿ, ಆನೆ, ಜಿಂಕೆಗಳ ಹುಲ್ಲನ್ನು ಕಬಳಿಸಿದೆ. ಅದರ ಹಿಂದೆಯೇ ಹಳದಿ ಹೂವಿನ ಸೆನ್ನಾ ಸ್ಪೆಕ್ಟಾಬಿಲಿಸ್ ಹಬ್ಬುತ್ತಿದೆ. ಚೆಂದ ಎಂದು ತಂದ ಹೂವೇ ಕಾಡಿಗೆ ಎರವಾದ ಈ ಕಥೆ ಹೂ ಕಲಿಯುವವರಿಗೆ ಮೊದಲ ಪಾಠವಾಗಬೇಕು. ಲಂಟಾನದ ಕಡ್ಡಿಯನ್ನು ಬೇಯಿಸಿ, ತೊಗಟೆ ತೆಗೆದರೆ ಬೆತ್ತದಂತೆ ಬಾಗುತ್ತದೆ. ಮಲೆ ಮಹದೇಶ್ವರ ಬೆಟ್ಟದ ಸೋಲಿಗರು ಅದರಲ್ಲಿ ಪೀಠೋಪಕರಣ ಮಾಡುವುದನ್ನು ಕಲಿತರು. ಗಡಿಯಾಚೆ ಗೂಡಲೂರಿನ ಆದಿವಾಸಿ ಕುಶಲಕರ್ಮಿಗಳು ಹೆಣೆದ ಲಂಟಾನದ ಆನೆಗಳು 2021ರಲ್ಲಿ ಲಂಡನ್ನಿನ ಉದ್ಯಾನಗಳಲ್ಲಿ ನಿಂತವು. ಇಕೆಬಾನಕ್ಕೆ ಬೇಕಾದ ವಕ್ರ ಗೆರೆ, ಒಣಗಿದ ಕಡ್ಡಿಯ ಬಿಗಿ ಎರಡೂ ಲಂಟಾನದಲ್ಲಿ ಧಾರಾಳವಾಗಿವೆ. ಕಡಿದಷ್ಟೂ ಒಳ್ಳೆಯದೇ ಆಗುವ ಗಿಡ ಇದೊಂದು.

ಕೂಲಿ ಮುಗಿಸಿ ಬಂದು ಒಲೆ ಹೊತ್ತಿಸಬೇಕಾದ ಹೆಣ್ಣುಮಗಳಿಗೆ ಇದೆಲ್ಲ ಯಾಕೆ ಎಂಬ ಆಕ್ಷೇಪ ಎಲ್ಲಕ್ಕಿಂತ ಗಟ್ಟಿಯಾದದ್ದು. ನಾನು ಅದನ್ನು ತಳ್ಳಿಹಾಕುವುದಿಲ್ಲ. ಆದರೆ ಅದೇ ಹೆಣ್ಣುಮಗಳು ಬೆಳಗಾಗೆದ್ದು ಬಾಗಿಲಿಗೆ ಚುಕ್ಕಿಯಿಟ್ಟು ರಂಗೋಲಿ ಎಳೆಯುತ್ತಾಳೆ. ಮದುವೆ ಮನೆಯಲ್ಲಿ ಸೋಬಾನೆ ಹೇಳುತ್ತಾಳೆ. ಅದರಿಂದೇನು ಲಾಭ ಎಂದು ಅವಳನ್ನು ಯಾರೂ ಕೇಳಲಿಲ್ಲ, ಅವಳೂ ಕೇಳಿಕೊಳ್ಳಲಿಲ್ಲ. ಚೆಂದವನ್ನು ಬಯಸುವ ಹಕ್ಕು ಹೊಟ್ಟೆ ತುಂಬಿದವರಿಗೆ ಮಾತ್ರ ಎಂದು ಬಡವರ ಪರವಾಗಿ ನಾವೇ ತೀರ್ಮಾನಿಸಿಬಿಡುವುದು ದೊಡ್ಡ ಅನ್ಯಾಯ. ಅವಳಿಗೆ ಬಿಡುವು ಸಿಗುವುದಿಲ್ಲ ಎಂಬುದು ನಿಜ. ಹಾಗಿದ್ದರೆ ಕೂಟದ ಹೊತ್ತನ್ನು ಅವಳ ಬಿಡುವಿಗೆ ಹೊಂದಿಸಬೇಕು.

ಇದನ್ನು ಆದಾಯ ತರುವ ತರಬೇತಿ ಎಂದು ಯಾವ ಯೋಜನೆಯ ಅಡಿಯಲ್ಲೂ ಮಾರಬಾರದು. ಸ್ತ್ರೀಶಕ್ತಿ ಸಂಘಗಳಿಗೆ ಹೊಲಿಗೆ, ಉಪ್ಪಿನಕಾಯಿ, ಊದುಬತ್ತಿ ಕಲಿಸಿದ ಸಾಲಿಗೆ ಇದನ್ನೂ ಸೇರಿಸಿ, ಮದುವೆ ಮಂಟಪದ ಗುತ್ತಿಗೆ ಸಿಗುತ್ತದೆ ಎಂದು ಆಸೆ ತೋರಿಸಿದರೆ ಎರಡು ತಿಂಗಳಲ್ಲಿ ಕೂಟ ಮುರಿಯುತ್ತದೆ, ಕಾರಣವೂ ನ್ಯಾಯವೇ ಆಗಿರುತ್ತದೆ. ಮುಂದೊಂದು ದಿನ ಯಾರಿಗಾದರೂ ಅದರಿಂದ ಸಂಪಾದನೆಯಾದರೆ ಸಂತೋಷ. ದರ್ಜೆ, ಪ್ರಮಾಣಪತ್ರಗಳ ಮೇಲೂ ಕಣ್ಣಿಡುವುದು ಬೇಡ. ಜಪಾನಿನ ಶಾಲೆಗಳಲ್ಲಿ ಪೀಠಾಧಿಪತಿಯಿಂದ ಹಿಡಿದು ಮೆಟ್ಟಿಲು ಮೆಟ್ಟಿಲಾಗಿ ಪದವಿಗಳಿವೆ, ಒಂದೊಂದಕ್ಕೂ ಶುಲ್ಕವಿದೆ. ವಿದ್ಯೆಯನ್ನು ಶತಮಾನಗಳ ಕಾಲ ಕಾಪಾಡಿದ ಆ ವ್ಯವಸ್ಥೆಗೆ ಗೌರವ ಸಲ್ಲಲಿ; ಕೋಟೆಯ ಕೂಟಕ್ಕೆ ಅದು ಹೊರೆ. ಇಕೆಬಾನವನ್ನು ಯಾರಾದರೂ, ಎಲ್ಲಿಯಾದರೂ, ಯಾವ ವಸ್ತುವಿನಿಂದಲಾದರೂ ಮಾಡಬಹುದೆಂದು ಸೊಗೆತ್ಸು ಶಾಲೆಯೇ ಹೇಳುತ್ತದೆ. ಆ ಮಾತನ್ನು ನಾವು ಅಕ್ಷರಶಃ ತೆಗೆದುಕೊಂಡರೆ ಸಾಕು.

ಗ್ರಾಮ ಪಂಚಾಯಿತಿಯ ಗ್ರಂಥಾಲಯಗಳು ಈಗ ಅರಿವು ಕೇಂದ್ರಗಳಾಗಿವೆ. ಹದಿನೈದು ದಿನಕ್ಕೊಮ್ಮೆ, ಭಾನುವಾರ ಮಧ್ಯಾಹ್ನ, ಅಲ್ಲೊಂದು ಮೇಜು ಸಿಕ್ಕಿದರೆ ಕೂಟ ಶುರುವಾಗುತ್ತದೆ. ಬಟ್ಟಲನ್ನು ಕುಂಬಾರರಿಂದ ಮಾಡಿಸಬಹುದು, ನೀರು ಇಂಗದಂತೆ ಒಳಗೆ ಬಳಿದರೆ ಆಯಿತು. ಕೆಂಜಾನಿನ ಬಿಲ್ಲೆ ಸಾಮಾನ್ಯವಾಗಿ ಸೀಸದ್ದು, ಮಕ್ಕಳ ಕೈಗೆ ಒಳ್ಳೆಯದಲ್ಲ. ಜೇಡಿಮಣ್ಣಿನ ಉಂಡೆಯಿಂದಲೋ, ಕವಲು ಕಡ್ಡಿಯನ್ನು ಮಡಕೆಯ ಬಾಯಿಗೆ ಅಡ್ಡ ಸಿಕ್ಕಿಸಿಯೋ ಆರಂಭಿಸಬಹುದು. ಹಸಿರು ಬಣ್ಣದ ಹೂವಿನ ಸ್ಪಂಜು ಬೇಡವೇ ಬೇಡ. ಅದು ಪ್ಲಾಸ್ಟಿಕ್ಕು, ಪುಡಿಯಾಗಿ ಮಣ್ಣು ಸೇರಿದರೆ ಹೋಗುವುದಿಲ್ಲ. ಮೊದಲ ಎರಡು ವರ್ಷ ಸ್ಪರ್ಧೆ, ಬಹುಮಾನ, ಅತಿಥಿಗಳ ಭಾಷಣ ಯಾವುದೂ ಇರಕೂಡದು. ತೀರ್ಪುಗಾರರು ಬಂದ ದಿನವೇ ಎಲ್ಲರೂ ಅಂಗಡಿಯ ಹೂವಿಗೆ ಓಡುತ್ತಾರೆ, ಸೀಬೆ ಕೊಂಬೆ ಮೂಲೆ ಸೇರುತ್ತದೆ. ಬೆಂಗಳೂರಿನಲ್ಲೋ ಮೈಸೂರಿನಲ್ಲೋ ಈ ವಿದ್ಯೆ ಕಲಿತ ಒಬ್ಬರನ್ನು ತಿಂಗಳಿಗೊಮ್ಮೆ ಕರೆಸಿ, ಬಸ್ ಚಾರ್ಜು ಮತ್ತು ಮಧ್ಯಾಹ್ನದ ಊಟ ಪಂಚಾಯಿತಿಯವರು ನೋಡಿಕೊಂಡರೆ ನಿಯಮದ ಪಾಠ ನಡೆಯುತ್ತದೆ. ಗೌರಿ ಹಬ್ಬ ಕಳೆದ ಮೇಲೆ, ಬೇಲಿ ಬದುಗಳೆಲ್ಲ ತುಂಬಿರುವಾಗ ಆರಂಭಿಸುವುದು ಒಳ್ಳೆಯದು. ಸೇರುವವರು ಒಂದು ಕತ್ತರಿ ತಂದರೆ ಸಾಕು, ಹೂವನ್ನು ದುಡ್ಡು ಕೊಟ್ಟು ತರಕೂಡದು ಎಂದು ಮೊದಲ ದಿನವೇ ಬಾಗಿಲಲ್ಲಿ ಬರೆದು ಹಾಕಬೇಕು.